ಜಿನಿಯಾದ ಹಸಿವು ಎಷ್ಟು?

ಮಾನ್ಯರೇ,

ಮನೆಯಂಗಳದ ಹೂಗಿಡಗಳಲ್ಲಿ ಜಿನಿಯಾದಷ್ಟು ಕಡಿಮೆ ಬೇಡುವ ಗಿಡ ಅಪರೂಪ. ಆದರೂ ಇದನ್ನು ಬೆಳೆದವರು ನನ್ನ ಬಳಿ ಹೆಚ್ಚಾಗಿ ಹೇಳಿಕೊಳ್ಳುವುದು, ಗೊಬ್ಬರ ಹಾಕಿದಷ್ಟೂ ಗಿಡ ಸೊಂಪಾಗಿ ಎತ್ತರಕ್ಕೆ ಹೋಗುತ್ತದೆ, ಹೂ ಮಾತ್ರ ಬಿಡುವುದಿಲ್ಲ ಎಂಬ ಕೊರಗನ್ನು. ಹೂ ಬಿಡದಿರಲು ಬಹುಪಾಲು ಕಾರಣ ಆ ಗೊಬ್ಬರವೇ.

ಜಿನಿಯಾದ ತವರು ಮೆಕ್ಸಿಕೊ. ಕಣ್ಣಿನ ರಚನೆಯನ್ನು ಆಳವಾಗಿ ಅಭ್ಯಸಿಸಿ, 1759ರಲ್ಲಿ 31ನೆಯ ವಯಸ್ಸಿಗೇ ತೀರಿಕೊಂಡ ಜರ್ಮನ್ ವಿದ್ವಾಂಸ ಯೋಹಾನ್ ಗಾಟ್‌ಫ್ರೀಡ್ ಜಿನ್ ಅವರ ನೆನಪಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಈ ಹೆಸರಿಟ್ಟರು. ಚೆಂಡುಹೂವು, ಸೇವಂತಿಗೆಗಳ ಕುಟುಂಬಕ್ಕೇ ಸೇರಿದ ಈ ಗಿಡ ಬಿಸಿಲಿಗೆ ಒಗ್ಗಿದ್ದು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಯಾವ ಗೊಬ್ಬರವೂ ಇದಕ್ಕೆ ಹೂ ತರಿಸಲಾರದು.

ಬೇರು ಕದಲಿದರೆ ಗಿಡ ಸೊರಗುವುದರಿಂದ ಬೀಜವನ್ನು ಗಿಡ ಬೆಳೆಯಬೇಕಾದ ಜಾಗದಲ್ಲೇ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತುವುದು ಲೇಸು. ಬೆಚ್ಚಗಿನ ಮಣ್ಣಿನಲ್ಲಿ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಗಿಡದಿಂದ ಗಿಡಕ್ಕೆ ಸುಮಾರು 30 ಸೆಂಟಿಮೀಟರ್ ಅಂತರವಿರಲಿ. ಗೇಣುದ್ದ ಬೆಳೆದಾಗ ಕುಡಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ.

ಇನ್ನು ಗೊಬ್ಬರದ ಮಾತು. ಬಿತ್ತುವ ಮೊದಲು ಚದರ ಮೀಟರಿಗೆ 2ರಿಂದ 3 ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸಿದರೆ ನೆಲದಲ್ಲಿ ಬೆಳೆಯುವ ಗಿಡಕ್ಕೆ ಬಹುಮಟ್ಟಿಗೆ ಅಷ್ಟೇ ಸಾಕು. ಕುಂಡದ ಮಣ್ಣಿನ ಸಾರ ನೀರಿನೊಡನೆ ಬಸಿದು ಹೋಗುವುದರಿಂದ, ಅಲ್ಲಿ ಮಾತ್ರ ಮೂರು ವಾರಕ್ಕೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಬೇಕಾಗುತ್ತದೆ. ಯೂರಿಯಾವನ್ನು ಹಿಡಿಗಟ್ಟಲೆ ಚೆಲ್ಲುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದರಲ್ಲಿ ಸಾರಜನಕ ಶೇಕಡಾ 46ರಷ್ಟಿದೆ. ಕೊಟ್ಟಿಗೆ ಗೊಬ್ಬರದಲ್ಲಿರುವುದು ಶೇಕಡಾ ಅರ್ಧದಷ್ಟು. ಅಷ್ಟೊಂದು ಸಾರಜನಕ ಒಮ್ಮೆಲೇ ಸಿಕ್ಕ ಗಿಡ ಎಲೆ, ಕಾಂಡಗಳಲ್ಲೇ ಮೈಮರೆಯುತ್ತದೆ, ಮೆತ್ತಗಾದ ಚಿಗುರಿಗೆ ರಸ ಹೀರುವ ಸಸ್ಯಹೇನು ಮುತ್ತುತ್ತದೆ, ದಟ್ಟೈಸಿದ ಎಲೆಗಳ ನಡುವೆ ಗಾಳಿಯಾಡದೆ ಬೂದಿರೋಗ ಹಬ್ಬುತ್ತದೆ. ಹಸಿ ಸಗಣಿಯೂ ಎಳೆಯ ಬೇರನ್ನು ಸುಡುತ್ತದೆ.

ನೀರಿನ ವಿಷಯಕ್ಕೆ ಒಂದು ಪ್ರಸಂಗವನ್ನು ಹೇಳಲೇಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆಳೆಸುತ್ತಿದ್ದ ಜಿನಿಯಾ ಗಿಡಗಳು ಅತಿ ತೇವದಿಂದ ಬೂಷ್ಟು ಹಿಡಿದು ಸೊರಗತೊಡಗಿದಾಗ, ಗಗನಯಾತ್ರಿ ಸ್ಕಾಟ್ ಕೆಲಿ ಅವರು ನಿಗದಿತ ವೇಳಾಪಟ್ಟಿಯನ್ನು ಬದಿಗಿಟ್ಟು, ಹಿತ್ತಲಿನ ಗಿಡವನ್ನು ನೋಡಿಕೊಳ್ಳುವಂತೆ ಕಣ್ಣಳತೆಯಲ್ಲೇ ನೀರು ಕೊಡಲು ಅನುಮತಿ ಪಡೆದರು. 2016ರ ಜನವರಿಯಲ್ಲಿ ಅಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ನಾವೂ ಮೇಲ್ಮಣ್ಣು ಒಣಗಿದೆಯೇ ಎಂದು ಬೆರಳಿಟ್ಟು ನೋಡಿ, ಬೆಳಗಿನ ಹೊತ್ತು, ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರುಣಿಸಬೇಕು.

ಬಾಡಿದ ಹೂಗಳನ್ನು ಆಗಾಗ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ. ಕಾಲ ಮುಗಿಯುವ ಹೊತ್ತಿಗೆ ಆರೋಗ್ಯವಾದ ಗಿಡದ ಒಂದೆರಡು ಒಳ್ಳೆಯ ಹೂಗಳನ್ನು ಅಲ್ಲೇ ಒಣಗಲು ಬಿಟ್ಟು, ಬೀಜ ಬಿಡಿಸಿ, ಕಾಗದದ ಪೊಟ್ಟಣದಲ್ಲಿ ಇಟ್ಟುಕೊಳ್ಳಿ. ಬೀಜ ಸಂಕರ (ಹೈಬ್ರಿಡ್) ತಳಿಯದಾದರೆ ಮುಂದಿನ ಗಿಡದ ಹೂ ತಾಯಿಯ ಬಣ್ಣದಲ್ಲೇ ಬರುತ್ತದೆಂಬ ಭರವಸೆಯಿಲ್ಲ.