ಮೊದಲು ಉಸಿರು ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಜಯನಗರದ ಒಂದು ಪಾರ್ಕಿನಲ್ಲಿ ಬೆಳಗಿನ ಹೊತ್ತು ಯೋಗ ಹೇಳಿಕೊಡುತ್ತೇನೆ. ಹೇಳಿಕೊಡುತ್ತಾ ನಾನು ಕಲಿತದ್ದು ಇಷ್ಟೇ: ಆಸನ ಮಾಡುವಾಗ ಉಸಿರು ಕಟ್ಟಬೇಡಿ. ಬಗ್ಗೋದು, ತಿರುಗೋದು, ಕಾಲೆತ್ತೋದು ಎಲ್ಲ ಆಮೇಲೆ.

ಹೊಸಬರು ಬಂದರೆ ನಾನು ಕೈಕಾಲು ನೋಡುವುದಿಲ್ಲ, ಮುಖ ನೋಡುತ್ತೇನೆ. ಹಲ್ಲು ಕಚ್ಚಿರುತ್ತಾರೆ, ಹುಬ್ಬು ಗಂಟಿಕ್ಕಿರುತ್ತಾರೆ. ಉಸಿರು ನಿಂತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಬ್ಯಾಚಿಗೆ ರಿಟೈರ್ಡ್ ಬಸ್ ಡ್ರೈವರ್ ಒಬ್ಬರು ಸೇರಿದರು. ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಆಯಸ್ಸು ಸವೆಸಿದವರು. ಸೊಂಟನೋವು, ನಿದ್ದೆಯಿಲ್ಲ ಅಂತ ಮಗಳು ಕರೆತಂದಿದ್ದರು. ಶವಾಸನದಲ್ಲಿ ಮಲಗಿಸಿದೆ. ಎಡಪಾದ ಸಡಿಲವಾಗಿ ಹೊರಗೆ ವಾಲಿತು. ಬಲಪಾದ ಮಾತ್ರ ನೆಟ್ಟಗೆ ನಿಂತೇ ಇತ್ತು, ಏನನ್ನೋ ಒತ್ತಿ ಹಿಡಿದ ಹಾಗೆ. ತೋರಿಸಿದೆ. ತಲೆಯೆತ್ತಿ ನೋಡಿಕೊಂಡು, ‘ಅದು ಬ್ರೇಕ್ ಕಾಲು ಮೇಡಂ’ ಅಂದರು. ಸಡಿಲ ಬಿಡಿ ಅಂದಷ್ಟೂ ಬಿಗಿಯಾಯಿತು. ಕಾಲಿನ ಮಾತೇ ಬಿಟ್ಟೆ. ಮೂರು ಎಣಿಸುವಷ್ಟು ಉಸಿರು ತಗೊಳ್ಳಿ, ಆರು ಎಣಿಸುವಷ್ಟು ಬಿಡಿ, ಅಷ್ಟೇ ಅಂದೆ. ಮೊದಮೊದಲು ನಾಲ್ಕಕ್ಕೇ ಉಸಿರು ಮುಗಿದುಹೋಗುತ್ತಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಆರು ಬಂತು. ಒಂದು ಬೆಳಗ್ಗೆ ಬಲಪಾದ ತಾನಾಗೇ ವಾಲಿತು. ಮುಂದಕ್ಕೆ ಬಗ್ಗಿದರೆ ಅವರ ಕೈ ಇವತ್ತಿಗೂ ಮೊಣಕಾಲು ದಾಟಿ ಸ್ವಲ್ಪ ಕೆಳಗೆ ಬರುತ್ತದೆ, ಅಷ್ಟೇ. ಬರದಿದ್ದರೆ ಬೇಡ. ರಾತ್ರಿ ನಿದ್ದೆ ಬರ್ತಿದೆ ಅಂತಾರಲ್ಲ, ನನಗೆ ಅದು ಮುಖ್ಯ.

ಇದರಲ್ಲಿ ಪವಾಡ ಏನೂ ಇಲ್ಲ. ಉಸಿರು ಒಳಗೆಳೆದಾಗ ಎದೆಬಡಿತ ಕೊಂಚ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಉಸಿರು ಕಟ್ಟಿ ತಿಣುಕಿದರೆ ಬಿಪಿ ಏರುತ್ತದೆ. ಆದರೂ ಜನ ಬಂದು ಕೇಳೋದೇನು? ‘ಶೀರ್ಷಾಸನ ಯಾವಾಗ ಹೇಳಿಕೊಡ್ತೀರಾ?’ ಜೂನ್ 21 ಹತ್ತಿರ ಬಂದರಂತೂ ಜಾಸ್ತಿ. 2015ರಿಂದ ಯೋಗ ದಿನ ನಡೆಯುತ್ತಿದೆ, ಜನ ಸೇರುತ್ತಾರೆ, ಸಂತೋಷ. ಆದರೆ ಫೋಟೋಗೋಸ್ಕರ ಉಸಿರು ಬಿಗಿಹಿಡಿದು ನಿಂತರೆ ಏನು ಬಂತು?

ಮೈ ಬಗ್ಗಲ್ಲ ಅನ್ನುವವರು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರನ್ನು ನೆನೆಸಿಕೊಳ್ಳಿ. 1918ರಲ್ಲಿ ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕ್ಷಯ, ಟೈಫಾಯ್ಡ್ ಬಂದು ಸೊರಗಿದ್ದರು. ಮುಂದೆ ಕುರ್ಚಿ, ಹಗ್ಗ, ಬೆಲ್ಟು, ಮರದ ದಿಮ್ಮಿ ಕೊಟ್ಟು ಆಸನ ಕಲಿಸಿದರು. ನಿಮ್ಮನೆಯಲ್ಲೂ ಕುರ್ಚಿ ಇದೆ, ಅಲ್ವಾ?

ಊಟ, ಹೊತ್ತು ಇದನ್ನೆಲ್ಲ ಬಿಡಿಸಿ ಹೇಳೋಕೆ ಸಮಯವಿಲ್ಲ. ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಸಾಕು. ಮ್ಯಾಟು ಆಮೇಲೆ ಕೊಳ್ಳಿ. ಈಗ ಕೂತಲ್ಲೇ ಭುಜ ಇಳಿಸಿ. ಮೂರಕ್ಕೆ ಒಳಗೆ, ಆರಕ್ಕೆ ಹೊರಗೆ. ನಾಳೆಯೂ ಇಷ್ಟೇ ಮಾಡಿ. ನಮಸ್ಕಾರ.