ಎತ್ತರ ನೋಡಿ ಬ್ಯಾಚ್ ಹಾಕಬ್ಯಾಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಏಪ್ರಿಲ್ ಬಂತಂದ್ರ ನಮ್ಮ ಕಲಬುರಗಿ ಒಳಗ ಬಿಸಿಲಿನ ಜೋಡಿ ಬ್ಯಾಸಿಗಿ ಶಿಬಿರಗೋಳೂ ಸುರು ಆಗ್ತಾವ, ಮಕ್ಕಳನ್ನ ವಾಲಿಬಾಲ್‌ಗೆ ಹಚ್ಚೋರು ಫೀಸ್ ಎಷ್ಟು, ಟೈಮ್ ಯಾವಾಗ ಅಂತ ಕೇಳಿ ಹೆಸರು ಬರಸಿ ಬಂದ್ಬಿಡ್ತಾರ. ನಮ್ಮ ಹುಡುಗಿನ್ನ ಯಾರ ಜೋಡಿ ಆಡಸ್ತೀರಿ ಅಂತ ಕೇಳೋರು ಭಾಳ ಕಮ್ಮಿ ರೀ, ಖರೇ ಅಂದ್ರ ಅದನ್ನೇ ಮೊದಲ ಕೇಳಬೇಕು.

ಎಂಟನೇತ್ತಾ ಓದೋ ಹುಡುಗಿ, ವಾರಿಗಿಯವರಕಿಂತ ಒಂದ್ ಗೇಣು ಎತ್ತರ ಅದಾಳ ಅಂದ್ಕೂಡ್ಲೇ ಸೀನಿಯರ್ ಬ್ಯಾಚಿಗೆ ಹಾಕಿಬಿಡ್ತಾರ. ಅಲ್ಲಿ ದೊಡ್ಡವರು ಸರ್ವಿಸ್ ಜೋರ್ ಹೊಡಿತಾರ, ಈಕಿಗಿ ಅಂಡರ್‌ಹ್ಯಾಂಡ್ (ಎರಡೂ ಮುಂಗೈ ಜೋಡಿಸಿ ಬಾಲ್ ಎತ್ತೂದು) ಇನ್ನೂ ಕೂತಿಲ್ಲ, ಮೊಣಕೈ ಮಡಚ್ತಾಳ, ಬಾಲ್ ಹೆಬ್ಬಟ್ಟಿಗಿ ಬಡದು ಎತ್ತಾಗರ ಹೋಗ್ತದ, ಒಂದ್ವಾರ ಆದಮ್ಯಾಲ ಬಾಜೂಕ ನಿಂತವರೇ ಈಕಿ ಬಾಲ್ ಸುದ್ದಾ ಓಡಿ ಬಂದು ತಗೋತಾರ. ಗ್ರೌಂಡಿನಾಗ ನಿಂತಿರ್ತಾಳ, ಕೈಗಿ ಬಾಲ್ ಹತ್ತಂಗಿಲ್ಲ. ಇದನ್ನ ನೋಡಿದ್ರ ನನಗ ಭಾಳ ಸಂಕಟ ಆಗ್ತದ್ರಿ, ಯಾಕಂದ್ರ ಅಂಥಾ ಹುಡುಗ್ಯಾರೇ ಜೂನ್‌ದಾಗ ಆಟ ಬಿಟ್ಟು ಮನ್ಯಾಗ ಕೂಡ್ತಾರ. ಚಂದ ಆಡೋ ಹುಡುಗನ್ನ ಹೊಸಬರ ಜೋಡಿ ಹಾಕಿದ್ರೂ ಅಷ್ಟೇ, ಬ್ಯಾಸರ ಬಂದು ಬರೂದೇ ಬಿಡ್ತಾನ.

ಹಂಗಾರ ಲೆವೆಲ್ ಹ್ಯಾಂಗ ತಿಳಿಬೇಕ್ರಿ? ಮನಿ ಮುಂದೇ ನೋಡಬಹುದು. ನಾಕೈದು ಮೀಟರ್ ದೂರ ನಿಂತು ಮೆತ್ತಗ ಹತ್ತು ಬಾಲ್ ಒಗೀರಿ, ಅಂಡರ್‌ಹ್ಯಾಂಡ್ಲೆ ತಿರುಗಿ ನಿಮ್ಮ ಕೈಗೇ ಎಷ್ಟು ಬರ್ತಾವ ಎಣಸ್ರಿ. ಎರಡು ಮೂರು ಬಂದ್ರ ಹೊಸಬರ ಬ್ಯಾಚೇ ಛಲೋ. ಏಳೆಂಟು ಬಂದು, ಫಿಂಗರ್ ಪಾಸೂ (ತಲಿ ಮ್ಯಾಲೆ ಬೆರಳಿಂದ ಬಾಲ್ ಕಳಸೂದು) ಕೂತು, 9 ಮೀಟರ್ ಹಿಂದಿನ ಗೆರಿಯಿಂದ ಸರ್ವಿಸ್ ನೆಟ್ ದಾಟ್ತದ ಅಂದ್ರ ಮುಂದಿನ ಬ್ಯಾಚ್ ಕೇಳ್ರಿ. ಇದು ನನ್ನ ಅಂದಾಜಿನ ಲೆಕ್ಕ, ಕೋಚ್ ಅದಕಿಂತ ಛಲೋ ನೋಡ್ತಾರ, ಆದ್ರ ನೋಡೇ ಬ್ಯಾಚ್ ಹಾಕ್ಯಾರೋ ಇಲ್ಲೋ ಅನ್ನೂದು ನೀವು ಕೇಳ್ರಿ.

ಫೀಸ್ ಕಟ್ಟೂಕಿಂತ ಮೊದಲ ಒಂದಿನ ಸಂಜಿಕಿ ಹೋಗಿ ಕುಂತು ನೋಡ್ರಿ. ಇಪ್ಪತ್ತು ಹುಡುಗರು ಒಂದ್ ಸಾಲಿನ್ಯಾಗ ನಿಂತು ಒಂದೇ ಬಾಲಿಗಿ ಕಾಯಾಕ್ಹತ್ತಿದ್ರ ಅದು ಟ್ರೇನಿಂಗ್ ಅಲ್ಲ. ಇಬ್ಬಿಬ್ಬರಿಗಿ ಒಂದ್ ಬಾಲ್ ಇದ್ರ ಹೊಸಬರ ಕೈ ಲಗೂನ ಕೂಡ್ತದ. ನೆಟ್ಟೂ ನೋಡ್ರಿ, ದೊಡ್ಡ ಗಂಡಸರಿಗಿ 2.43 ಮೀಟರ್, ಹೆಂಗಸರಿಗಿ 2.24, ಅದೇ ಎತ್ತರಕ್ಕ ಹನ್ನೆರಡು ವರ್ಷದ ಹುಡುಗರನ್ನ ಸ್ಮ್ಯಾಶ್ ಹೊಡಸಿದ್ರ ಭುಜ ತಪ್ಪು ತಿರುವು ಕಲೀತದ. ಬಾಲೂ ಹಂಗೇ, ಮ್ಯಾಚ್ ಬಾಲ್ 260ರಿಂದ 280 ಗ್ರಾಂ ಇರ್ತದ, ಸಣ್ಣವರಿಗಿ ಅದಕಿಂತ ಹಗುರಂದೂ ಸಿಗ್ತಾವ, ಮುಂಗೈ ಕೆಂಪ್ ಆಗಿ ಅಂಜೂ ಹುಡುಗರಿಗಿ ಅದನ್ನೇ ಕೊಡಸ್ರಿ.

ಇನ್ನೊಂದು ಮಾತು, ಬೆಳ್ಯೂ ವಯಸ್ಸಿನಾಗ ಜಂಪ್ ಜಾಸ್ತಿ ಮಾಡಸಿದ್ರ ಮೊಣಕಾಲ ಚಿಪ್ಪಿನ ಕೆಳಗಿನ ಎಲಬು ನೋಯ್ತದ, ಸಿಮೆಂಟ್ ನೆಲದ ಮ್ಯಾಲಂತೂ ಕೇಳೂದೇ ಬ್ಯಾಡ. ನಮ್ಮ ಎರಿ ಹೊಲದಾಗ ಬ್ಯಾಸಿಗಿಗಿ ಬಿರುಕು ಬಿಟ್ಟಿರ್ತಾವ, ಅಲ್ಲಿ ಓಡಿದ್ರ ಪಾದ ಉಳುಕ್ತದ. ಮಣ್ಣು ಹಾಕಿ, ನೀರು ಹೊಡದು, ರೋಲರ್ ತಿರುಗಿಸಿದ ಅಂಗಳ ಹುಡುಕ್ರಿ. ಮೇ ತಿಂಗಳ ಬಿಸಿಲಾಗ ಮುಂಜಾನಿ ಎಂಟರ ಒಳಗ ಮುಗಿಯೂ ಬ್ಯಾಚೇ ಬೇಕು.

ಕಲಬುರಗಿ ಊರಾಗಿದ್ದವರು ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕ ಹೋಗಿ ವಿಚಾರಿಸ್ರಿ. ಜೇವರ್ಗಿ, ಸೇಡಂ, ಆಳಂದ ಕಡಿ ಹಳ್ಳಿಯವರಿಗಿ ದಿನಾ ಬಸ್ ಹತ್ತೂದು ಆಗಂಗಿಲ್ಲ, ಅವರು ಸಾಲಿ ಪಿಟಿ ಮಾಸ್ತರನ್ನೇ ಹಿಡೀರಿ, ಸಾಲಿ ಟೂರ್ನಮೆಂಟಿಗಿ ಹದಿನಾಲ್ಕರ ಒಳಗಿನವರನ್ನ, ಹದಿನೇಳರ ಒಳಗಿನವರನ್ನ ಬ್ಯಾರೆ ಬ್ಯಾರೆ ತಯಾರ್ ಮಾಡೋರು ಅವರೇ. ಎರಡು ಬ್ಯಾಚ್ ಮಾಡೂವಷ್ಟು ಹುಡುಗರಿಲ್ಲಂದ್ರ ಒಂದೇ ಅಂಗಳದಾಗ ಅರ್ಧ ತಾಸು ಹೊಸಬರಿಗಿ ಬ್ಯಾರೆ ಕೊಡ್ರಿ ಅಂತ ಕೇಳ್ರಿ, ಕೇಳಿದ್ರ ಭಾಳ ಮಂದಿ ಮಾಸ್ತರು ಒಪ್ಪತಾರ.