ಒಂದು ಹೆಸರು ಓದೋಕೆ ಇಡೀ ಸಂಜೆ | ಕ್ಯೋಟೋ ಸೆಮಿನಾರ್ ವ್ಲಾಗ್

ಎಲ್ಲರಿಗೂ ನಮಸ್ಕಾರ. ಇದು ಕ್ಯೋಟೋದ ಕಾಮೊ ನದಿ. ಕ್ಯಾಮೆರಾ ಸೈಕಲ್ ಹ್ಯಾಂಡಲ್‌ಗೆ ಕಟ್ಟಿದೆ, ಹಾಗಾಗಿ ಸ್ವಲ್ಪ ಕುಲುಕುತ್ತದೆ. ನಾಳೆ ಸೆಮಿನಾರ್‌ನಲ್ಲಿ ನನ್ನ ಸರದಿ. ಇಲ್ಲಿ ಅದಕ್ಕೆ ಝೆಮಿ ಅನ್ನುತ್ತಾರೆ. ಪೂರ್ತಿ 90 ನಿಮಿಷ. ಒಬ್ಬರು ಮಂಡಿಸಬೇಕು, ಉಳಿದವರೆಲ್ಲ ಪ್ರಶ್ನೆ ಕೇಳಬೇಕು.

ಜಾಸ್ತಿ ಬರೋ ಕಾಮೆಂಟ್ ಒಂದೇ. "ಎನ್1 ಪಾಸಾಗಿದೆಯಲ್ಲ, ಇನ್ನೂ ಏನು ಓದುತ್ತೀರಿ?" ನ್ಯಾಯವಾದ ಪ್ರಶ್ನೆ. ಜಪಾನಿ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಎನ್1 ಅತಿ ಮೇಲಿನದು. 180ಕ್ಕೆ 100 ಬಂದರೆ ಪಾಸು, ಜೊತೆಗೆ ಮೂರು ಭಾಗಗಳಲ್ಲಿ ಒಂದೊಂದರಲ್ಲೂ ಕನಿಷ್ಠ 19 ಬರಬೇಕು. ಆದರೆ ಆ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯೋದಿಲ್ಲ, ಒಂದು ಮಾತು ಆಡೋದಿಲ್ಲ. ಸರಿ ಉತ್ತರಕ್ಕೆ ಗುರುತು ಹಾಕಿ ಬರೋದು, ಅಷ್ಟೇ. ಇಲ್ಲಿ ಬರೆಯಬೇಕು, ವಾದಿಸಬೇಕು, ನೂರಾರು ವರ್ಷದ ಹಿಂದಿನವರು ಬರೆದದ್ದನ್ನು ಗಟ್ಟಿಯಾಗಿ ಓದಬೇಕು.

ಜಪಾನಿ ವ್ಯಾಕರಣ ಕನ್ನಡದವರಿಗೆ ಕಷ್ಟ ಅಲ್ಲವೇ ಅಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ. "ನಾನು ಓದಿದ ಪುಸ್ತಕ", "ತಿಂದು ನೋಡು", ಎಲ್ಲ ಅದೇ ಜೋಡಣೆ. ನಿಘಂಟಿನ ಅಕ್ಷರಕ್ರಮ ಕೂಡ ನಮ್ಮದರ ಹಾಗೇ ಇದೆ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಇದು ಕಾಕತಾಳೀಯ ಅಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತ ಬರೆಯೋಕೆ ಸಿದ್ಧಂ ಲಿಪಿ ಕಲಿಯುತ್ತಿದ್ದರು, ಅಲ್ಲಿಂದ ಬಂದ ಕ್ರಮ ಇದು. ಪ ಇರಬೇಕಾದ ಜಾಗದಲ್ಲಿ ಹ ಇದೆ, ಯಾಕೆಂದರೆ ಆ ಅಕ್ಷರವನ್ನು ಹಿಂದೆ ಪ ಅಂತಲೇ ಉಚ್ಚರಿಸುತ್ತಿದ್ದರು. 752ರಲ್ಲಿ ನಾರಾದ ದೊಡ್ಡ ಬುದ್ಧನ ವಿಗ್ರಹಕ್ಕೆ ಕಣ್ಣು ಬರೆದದ್ದೂ ಭಾರತದಿಂದ ಬಂದ ಭಿಕ್ಷು, ಬೋಧಿಸೇನ. ಅದನ್ನು ಇನ್ನೊಂದು ವಿಡಿಯೋದಲ್ಲಿ ನಿಧಾನವಾಗಿ ಹೇಳುತ್ತೇನೆ, ಲೈಬ್ರರಿ ಬಂತು.

ಈ ಸೆಮಿಸ್ಟರ್ ನಾವು ಓದುತ್ತಿರುವುದು ಮೇಜಿ ಕಾಲದ, ಅಂದರೆ 1868ರಿಂದ 1912ರ ತನಕದ ಪತ್ರಿಕೆಗಳು. ಆಗ ಪತ್ರಿಕೆಗಳಲ್ಲಿ ದೊಡ್ಡವು, ಸಣ್ಣವು ಅಂತ ಎರಡು ಜಾತಿ. ದೊಡ್ಡವು ರಾಜಕೀಯದವು, ಓದಿಕೊಂಡವರಿಗೆ. ಸಣ್ಣವು ಸಾಮಾನ್ಯರಿಗೆ. 1874ರಲ್ಲಿ ಶುರುವಾದ ಯೋಮಿಯುರಿ ಈ ಸಣ್ಣ ಜಾತಿಯದು. ಅದರಲ್ಲಿ ಕಾಂಜಿಗಳ, ಅಂದರೆ ಚೀನಾದಿಂದ ಬಂದ ಅಕ್ಷರಗಳ ಪಕ್ಕದಲ್ಲಿ ಉಚ್ಚಾರಣೆಯನ್ನು ಪುಟ್ಟ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಅದೇ ಫುರಿಗಾನಾ. ನನಗೆ ಸಿಕ್ಕಿರುವ ಸುದ್ದಿ ದೊಡ್ಡ ಪತ್ರಿಕೆಯದು. ಫುರಿಗಾನಾ ಇಲ್ಲ. ಅದರ ಒಳಗೆ ಒಬ್ಬ ವ್ಯಾಪಾರಿಯ ಹೆಸರು ಇದೆ.

ನೋಡಿ, ಆ ಹೆಸರಿಗೇ ನಿನ್ನೆಯ ಸಂಜೆ ಪೂರ್ತಿ ಹೋಯಿತು. ಸಂಶೋಧನೆ ಮುಗಿಯುವ ತನಕ ಅವರ ಹೆಸರು ಹೇಳುವುದು ಬೇಡ. ಅದೇ ಥರದ್ದು ಇನ್ನೊಂದು ತಗೊಳ್ಳೋಣ. ಮನೆತನದ ಹೆಸರಲ್ಲಿ ಎರಡು ಕಾಂಜಿ, "ನಡು" ಮತ್ತು "ದ್ವೀಪ". ಇದನ್ನು ನಾಕಾಜಿಮಾ ಅಂತಲೂ ಓದಬಹುದು, ನಾಕಾಶಿಮಾ ಅಂತಲೂ ಓದಬಹುದು. ಎರಡೂ ಮನೆತನಗಳು ಇವೆ. ಅವರವರ ಮನೆಯವರು ಏನನ್ನುತ್ತಾರೋ ಅದೇ ಸರಿ. ಇನ್ನು ಸ್ವಂತ ಹೆಸರು "ಸರಿ, ನೇರ" ಅನ್ನುವ ಅರ್ಥದ ಒಂದೇ ಕಾಂಜಿ ಅಂತಿಟ್ಟುಕೊಳ್ಳಿ. ಅದು ತದಾಶಿ ಆಗಬಹುದು, ಮಸಾಶಿ ಆಗಬಹುದು, ತದಾಸು ಕೂಡ ಆಗಬಹುದು. ಲೆಕ್ಕ ಹಾಕಿ, ಒಬ್ಬ ಮನುಷ್ಯನಿಗೆ ಆಗಲೇ ಆರು ಹೆಸರು.

ನಿತ್ಯಬಳಕೆಯ 2,136 ಕಾಂಜಿ ಪೂರ್ತಿ ಬಂದರೂ ಇದಕ್ಕೆ ಉಪಯೋಗ ಇಲ್ಲ. ನಿಘಂಟು ಎಲ್ಲ ಸಾಧ್ಯತೆ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಜಪಾನಿನ ಸಂಸತ್ ಗ್ರಂಥಾಲಯದ ಹೆಸರುಗಳ ಡೇಟಾಬೇಸ್ ತುಂಬಾ ಒಳ್ಳೆಯದು, ಆದರೆ ಅದರಲ್ಲಿ ಸಿಗುವವರು ಹೆಚ್ಚಾಗಿ ಪುಸ್ತಕ ಬರೆದವರು. ನಮ್ಮ ವ್ಯಾಪಾರಿ ಏನೂ ಬರೆದಿಲ್ಲ. ಪ್ರಸಿದ್ಧರ ವಿಷಯದಲ್ಲೂ ಇದೇ ಗೋಳು. ಫುಜಿವಾರಾ ಮನೆತನದ ಆ ದೊಡ್ಡ ಕವಿಯನ್ನು, 1241ರಲ್ಲಿ ತೀರಿಕೊಂಡವರನ್ನು, ತೇಯ್ಕಾ ಅಂತಲೂ ಓದುತ್ತಾರೆ, ಸದಾಯಿಯೆ ಅಂತಲೂ ಓದುತ್ತಾರೆ. ಎರಡೂ ನಡೆಯುತ್ತದೆ!

ನನಗೆ ನಿಜವಾಗಿ ಸಿಟ್ಟು ಬರೋದು ಯಾವುದಕ್ಕೆ ಗೊತ್ತಾ? ಇಲ್ಲಿ 1872ರಿಂದಲೂ ದೇಶಕ್ಕೆಲ್ಲ ಒಂದೇ ಕುಟುಂಬ ನೋಂದಣಿ ಇದೆ. ಆ ದಾಖಲೆಯಲ್ಲಿ ಹೆಸರಿನ ಕಾಂಜಿ ಇರುತ್ತಿತ್ತು, ಓದುವ ರೀತಿ ಇರುತ್ತಿರಲಿಲ್ಲ. ಓದುವ ರೀತಿಯನ್ನೂ ಸೇರಿಸಬೇಕು ಅನ್ನುವ ಕಾನೂನು ಜಾರಿಗೆ ಬಂದದ್ದು 2025ರ ಮೇ 26ಕ್ಕೆ. ಇದನ್ನು ಮೊದಲೇ ಮಾಡಬೇಕಿತ್ತು. ಒಬ್ಬ ಮನುಷ್ಯನನ್ನು ಅವನ ಅಮ್ಮ ಏನಂತ ಕರೆಯುತ್ತಿದ್ದಳು ಅನ್ನೋದು ಸರ್ಕಾರದ ಕಾಗದದಲ್ಲಿ ಇಲ್ಲ ಅಂದರೆ ಏನರ್ಥ?

ಊಟಕ್ಕೆ ಬಂದಿದ್ದೇನೆ, ಇದು ಕ್ಯಾಂಟೀನ್. ಸಸ್ಯಾಹಾರದ ಬಗ್ಗೆ ಕೇಳುವವರಿಗೆ ಉತ್ತರ: ಮಿಸೋ ಸೂಪಿನಲ್ಲೂ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ. ಅನ್ನ, ತೋಫು, ಪಾಲಕ್ ತಗೊಂಡೆ. ಚೆನ್ನಾಗಿದೆ. ಮುಂದೆ ಹೋಗೋಣ.

ಇದು ಕನ್ವೀನಿಯನ್ಸ್ ಸ್ಟೋರ್, ಝೆರಾಕ್ಸ್ ಮಾಡಿಸುತ್ತಿದ್ದೇನೆ. ಕಪ್ಪುಬಿಳುಪು ಒಂದು ಪುಟಕ್ಕೆ 10 ಯೆನ್. ಮಂಡನೆಗೆ ಹಂಚುವ ಹಾಳೆಗಳಿಗೆ ರೆಜುಮೆ ಅಂತ ಹೆಸರು. ಸ್ಟೇಪಲ್ ಎಲ್ಲಿ ಹೊಡೆದೆ ನೋಡಿದಿರಾ? ಬಲಗಡೆ ಮೇಲ್ಮೂಲೆಗೆ. ಪಠ್ಯ ಮೇಲಿಂದ ಕೆಳಕ್ಕೆ, ಸಾಲುಗಳು ಬಲದಿಂದ ಎಡಕ್ಕೆ. ಆದ್ದರಿಂದ ಪುಟವೂ ಆ ಕಡೆಯಿಂದಲೇ ತೆರೆಯಬೇಕು. ಹಾಳೆಯ ಒಳಗಿನ ಭಾಷೆಯೂ ಬೇರೆ. ಮಾತಾಡುವಾಗ ವಾಕ್ಯದ ಕೊನೆಗೆ ಗೌರವಕ್ಕೆ ಬಳಸುವ ದೆಸು, ಮಸು ಇಲ್ಲಿ ಒಂದೂ ಬರಬಾರದು, ಎಲ್ಲ ವಾಕ್ಯ ಬರಹದ ದೆ ಅರು ಶೈಲಿಯಲ್ಲೇ ಮುಗಿಯಬೇಕು. ಅದೇ ಮಂಡನೆ ಮಾಡುವಾಗ ಸೆನ್ಸೇ, ಅಂದರೆ ನಮ್ಮ ಮೇಷ್ಟ್ರ ಮುಂದೆ ಪೂರ್ತಿ ಗೌರವದ ಮಾತು. ಕಣ್ಣು ಒಂದು ಶೈಲಿ ಓದುತ್ತಿರುತ್ತದೆ, ಬಾಯಿ ಇನ್ನೊಂದು ಹೇಳುತ್ತಿರಬೇಕು. ನನಗೆ ಈ ಕೋರ್ಸಿನಲ್ಲಿ ತುಂಬಾ ಇಷ್ಟವಾದ ಕಸರತ್ತು ಇದೇ.

ಇನ್ನು ಆ ಹೆಸರಿನ ಮುಂದೆ ಏನು ಬರೆದೆ ಅಂತ. "ಯೋಮಿ ಮಿಶೊ" ಅಂತ ಬರೆದೆ, ಓದುವ ರೀತಿ ತಿಳಿದುಬಂದಿಲ್ಲ ಅಂತ. ಇಲ್ಲಿ ಅದು ಒಪ್ಪಿತ ಪದ್ಧತಿ. ಬರೆಯುವಾಗ ಮನಸ್ಸಿಗೆ ಒಂಚೂರೂ ಹಿಡಿಸಲಿಲ್ಲ.

ಇದು ಮರುದಿನ. ಝೆಮಿ ಮುಗಿಯಿತು, ಒಳಗಡೆ ಚಿತ್ರೀಕರಣ ಮಾಡಲಿಲ್ಲ. ಇಡೀ ಚರ್ಚೆ ಎಲ್ಲಿ ನಡೆಯಿತು ಹೇಳಿ? ಅದೇ ಹೆಸರಿನ ಮೇಲೆ. ಒಬ್ಬ ಸೆನ್ಪಾಯ್, ಅಂದರೆ ಹಿರಿಯ ವಿದ್ಯಾರ್ಥಿ, ಹೇಳಿದರು, ಅದೇ ಘಟನೆ ಸಣ್ಣ ಪತ್ರಿಕೆಯಲ್ಲೂ ಬಂದಿರಬಹುದು, ಅಲ್ಲಾದರೆ ಫುರಿಗಾನಾ ಇರುತ್ತದೆ, ಹುಡುಕಿ ಅಂತ. ನನಗೆ ಖುಷಿಯಾಯಿತು. ಅಷ್ಟರಲ್ಲಿ ಸೆನ್ಸೇ ತಡೆದರು. ಆ ಕಾಲದಲ್ಲಿ ಎಷ್ಟೋ ಸಲ ಫುರಿಗಾನಾ ಹಾಕುತ್ತಿದ್ದವರು ಬರೆದವರಲ್ಲ, ಅಚ್ಚುಮೊಳೆ ಜೋಡಿಸುವವರು. ಅವರೂ ಊಹೆಯ ಮೇಲೆ ಹಾಕಿರಬಹುದು. ಸಿಕ್ಕಿದರೂ ಒಂದನ್ನೇ ನಂಬಬೇಡಿ, ಇನ್ನೊಂದು ಕಡೆ ತಾಳೆ ನೋಡಿ ಅಂದರು.

ಬರೆಯುವಾಗ ಹಿಡಿಸಲಿಲ್ಲ ಅಂದೆನಲ್ಲ, ಈಗ ಹಾಗನ್ನಿಸುತ್ತಿಲ್ಲ. ಆ ಕಾನೂನು ಅಷ್ಟು ತಡವಾಗಿ ಬಂತಲ್ಲ ಅನ್ನುವ ಸಿಟ್ಟು ಮಾತ್ರ ಹಾಗೇ ಇದೆ. ಆದರೆ ಹೆಸರು ಇಲ್ಲದ ಒಬ್ಬ ವ್ಯಾಪಾರಿಗೋಸ್ಕರ ಒಂದು ಕೋಣೆ ತುಂಬ ಜನ ಇಷ್ಟು ಹೊತ್ತು ತಲೆಕೆಡಿಸಿಕೊಂಡರು. ಎನ್1ರ ಆಚೆಗೆ ಓದುವುದು ಅಂದರೆ ನನಗೆ ಇದೇ ಬೇಕಿತ್ತು.

ಸೋಮವಾರ ಮೈಕ್ರೋಫಿಲ್ಮ್ ಕೋಣೆಗೆ ಹೋಗುತ್ತೇನೆ. ಅಲ್ಲಿ ಕ್ಯಾಮೆರಾಗೆ ಅನುಮತಿ ಇಲ್ಲ, ಹಾಗಾಗಿ ಮುಂದಿನ ವಿಡಿಯೋ ನಾರಾದಿಂದ. ಸಣ್ಣ ಪತ್ರಿಕೆಯಲ್ಲಿ ಹೆಸರು ಸಿಕ್ಕಿತೋ ಇಲ್ಲವೋ ಅನ್ನೋದನ್ನು ಅಲ್ಲೇ ಹೇಳುತ್ತೇನೆ. ಬ್ಯಾಟರಿ ಕೆಂಪಾಯಿತು, ಬರಲಾ?